ಮಕ್ಕಳ ಕ್ರಿಸ್‌ಮಸ್‌ಗೆ ಎಷ್ಟು ವಯಸ್ಸು?

ಇಬ್ಬರು ಪುಟ್ಟ ಗಂಡುಮಕ್ಕಳಿರುವ ಲಂಡನ್ನಿನ ಅಥವಾ ನ್ಯೂಯಾರ್ಕಿನ ಮನೆಯಲ್ಲಿ ಡಿಸೆಂಬರ್ ಹೇಗಿರುತ್ತದೆಂದು ಇಂದು ಯಾರಾದರೂ ಹೇಳಬಲ್ಲರು. ಮೂಲೆಯಲ್ಲಿ ದೀಪ ಹಚ್ಚಿದ ಮರ, ಅದರ ಬುಡದಲ್ಲಿ ಹೆಸರು ಬರೆದ ಪೊಟ್ಟಣಗಳು, ತನ್ನದು ಅಣ್ಣನದಕ್ಕಿಂತ ಚಿಕ್ಕದೇನೋ ಎಂದು ಎತ್ತಿ ನೋಡುವ ತಮ್ಮ, ಮಕ್ಕಳು ಮಲಗಿದ ಮೇಲೆ ಸದ್ದಾಗದಂತೆ ಓಡಾಡುವ ಅಪ್ಪ ಅಮ್ಮ. ಈ ಚಿತ್ರ ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಬೆತ್ಲೆಹೇಮಿನ ಗೋದಲಿಯಿಂದ ನೇರವಾಗಿ ಬಂದದ್ದೆಂದೇ ಅನ್ನಿಸುತ್ತದೆ. ಒಂದು ಶಿಶುವಿನ ಹುಟ್ಟುಹಬ್ಬ ಮಕ್ಕಳ ಹಬ್ಬವಾಗದೆ ಇನ್ನೇನಾದೀತು? ಆದರೆ ಇತಿಹಾಸದ ದಾಖಲೆ ಹಾಗೆ ಹೇಳುವುದಿಲ್ಲ. ಮಕ್ಕಳನ್ನು ನಡುವೆ ಕೂರಿಸಿಕೊಂಡು, ಬಾಗಿಲು ಹಾಕಿಕೊಂಡು ಮನೆಯೊಳಗೆ ಆಚರಿಸುವ ಕ್ರಿಸ್‌ಮಸ್‌ಗೆ ಇಂಗ್ಲಿಷ್ ಆಡುವ ನಾಡುಗಳಲ್ಲಿ ಸುಮಾರು ಇನ್ನೂರು ವರ್ಷಗಳ ವಯಸ್ಸು, ಅಷ್ಟೇ. ಅದಕ್ಕೂ ಮೊದಲು ಹಬ್ಬದ ದಾನ ಒಡೆಯನಿಂದ ಆಳಿಗೆ, ಉಳ್ಳವನಿಂದ ಬಾಗಿಲಿಗೆ ಬಂದ ಇಲ್ಲದವನಿಗೆ ಹೋಗುತ್ತಿತ್ತು. ಅದು ತಂದೆತಾಯಿಯಿಂದ ಸ್ವಂತ ಮಕ್ಕಳ ಕಡೆಗೆ ತಿರುಗಿದಾಗ ಈಗಿನ ಹಬ್ಬ ಹುಟ್ಟಿತು.

ಹಳೆಯ ಹಬ್ಬ ಬೀದಿಯದು. ಉತ್ತರ ಯುರೋಪಿನಲ್ಲಿ ಡಿಸೆಂಬರ್ ಕೊನೆಯೆಂದರೆ ಸುಗ್ಗಿ ಮುಗಿದು, ಚಳಿಗಾಲಕ್ಕೆಂದು ದನ ಹಂದಿ ಕಡಿದು, ಹೊಸ ಬಿಯರ್ ಕುಡಿಯಲು ಸಿದ್ಧವಾಗಿರುವ ಕಾಲ. ಹೊಲದಲ್ಲಿ ಕೆಲಸವಿಲ್ಲ, ಹೊಟ್ಟೆಗೆ ಮಾತ್ರ ಬೇಕಾದಷ್ಟಿದೆ. ಆಗ ಊರಿನ ಆಳುಗಳು, ಹರೆಯದ ಹುಡುಗರು ಗುಂಪು ಕಟ್ಟಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಹಾಡುತ್ತ ಸಿರಿವಂತರ ಮನೆಬಾಗಿಲಿಗೆ ಹೋಗುತ್ತಿದ್ದರು. ಕುಡಿಯಲು, ತಿನ್ನಲು, ಕಾಸು ಕೇಳಲು ಅವರಿಗೆ ಆ ದಿನಗಳಲ್ಲಿ ಹಕ್ಕಿತ್ತು. ಒಡೆಯ ಕೊಡಲೇಬೇಕು, ಕೊಡದಿದ್ದರೆ ಕಿಟಕಿಗೆ ಕಲ್ಲು ಬಿದ್ದರೂ ಬಿದ್ದೀತು. ಇಂಗ್ಲೆಂಡಿನ ಕಟ್ಟಾ ಪ್ರಾಟೆಸ್ಟಂಟರಾದ ಪ್ಯೂರಿಟನ್ನರು ಈ ಹಬ್ಬವನ್ನು ದ್ವೇಷಿಸಿದ್ದಕ್ಕೆ ಬೈಬಲಿನಲ್ಲಿ ಡಿಸೆಂಬರ್ 25ರ ಉಲ್ಲೇಖವಿಲ್ಲ ಎಂಬುದರ ಜೊತೆಗೆ ಈ ಕುಡಿತ, ಈ ಗದ್ದಲವೂ ಕಾರಣ. 1647ರಲ್ಲಿ ಪಾರ್ಲಿಮೆಂಟು ಹಬ್ಬವನ್ನೇ ರದ್ದು ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾಂಟರ್‌ಬರಿಯ ಜನ ದಂಗೆ ಎದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ ಹಬ್ಬ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕುವ ಕಾನೂನು ತಂದಿತು, 1681ರವರೆಗೆ ಅದು ಜಾರಿಯಲ್ಲಿತ್ತು. ಇಷ್ಟೆಲ್ಲ ಜಗಳದಲ್ಲಿ ಎರಡೂ ಕಡೆಯವರ ಕಣ್ಣ ಮುಂದಿದ್ದವರು ಕುಡುಕರು, ಆಳುಗಳು, ಪಾದ್ರಿಗಳು. ಮಕ್ಕಳ ಸಂತೋಷ ಹಾಳಾಯಿತು ಎಂಬ ಕೂಗು ಈ ವಾದದ ನಡುವೆ ಕೇಳಿಬರುವುದಿಲ್ಲ.

ತಿರುವು ಸ್ಪಷ್ಟವಾಗಿ ಕಾಣುವುದು ಹತ್ತೊಂಬತ್ತನೆಯ ಶತಮಾನದ ಆರಂಭದ ನ್ಯೂಯಾರ್ಕಿನಲ್ಲಿ. ನಗರ ಬೆಳೆಯುತ್ತಿತ್ತು. ಚಳಿಗಾಲದಲ್ಲಿ ಕೆಲಸ ಕಳೆದುಕೊಂಡ ಕೂಲಿಕಾರರು ತಮಟೆ, ಡಬ್ಬ ಬಡಿಯುತ್ತ ರಾತ್ರಿ ಬೀದಿಗಿಳಿಯುತ್ತಿದ್ದರು. ಹಳ್ಳಿಯಲ್ಲಿ ಒಡೆಯನಿಗೆ ಬಾಗಿಲಿಗೆ ಬಂದವನ ಹೆಸರು ಗೊತ್ತಿತ್ತು, ನಗರದಲ್ಲಿ ಗೊತ್ತಿರಲಿಲ್ಲ. ಹಳೆಯ ಹಕ್ಕು ಈಗ ಬೆದರಿಕೆಯಾಗಿ ಕೇಳಿಸತೊಡಗಿತು. ಈ ಹೊತ್ತಿನಲ್ಲೇ ನಗರದ ವರ್ತಕ ಜಾನ್ ಪಿಂಟಾರ್ಡ್ 1810ರಲ್ಲಿ ನ್ಯೂಯಾರ್ಕ್ ಇತಿಹಾಸ ಸಂಘಕ್ಕಾಗಿ ಮಕ್ಕಳಿಗೆ ಉಡುಗೊರೆ ತರುವ ಸಂತ ನಿಕೊಲಾಸನ ಚಿತ್ರಪಟವೊಂದನ್ನು ಅಚ್ಚು ಹಾಕಿಸಿದ. ಸಂತನ ಪಕ್ಕದಲ್ಲಿ ಉಡುಗೊರೆ ಪಡೆದು ನಗುವ ಹುಡುಗಿ, ಬರೀ ಬೆತ್ತ ಪಡೆದು ಅಳುವ ಹುಡುಗ. 1823ರ ಡಿಸೆಂಬರ್ 23ರಂದು ಟ್ರಾಯ್ ಊರಿನ ಪತ್ರಿಕೆಯಲ್ಲಿ, ಸಂತ ನಿಕೊಲಾಸ್ ರಾತ್ರಿ ಮನೆಗೆ ಬರುವ ಕವಿತೆ ಕವಿಯ ಹೆಸರಿಲ್ಲದೆ ಪ್ರಕಟವಾಯಿತು. ಅದನ್ನು ತನ್ನದೆಂದು ಮುಂದೆ ಒಪ್ಪಿಕೊಂಡ ಕ್ಲೆಮೆಂಟ್ ಮೂರ್ ದೊಡ್ಡ ಜಮೀನುದಾರ. ನಗರದ ಹೊಸ ರಸ್ತೆಗಳು ತನ್ನ ಎಸ್ಟೇಟನ್ನು ಸೀಳುವುದನ್ನು ವಿರೋಧಿಸಿ ಬರೆದವನು. ಚರಿತ್ರೆಕಾರ ಸ್ಟೀಫನ್ ನಿಸ್ಸೆನ್‌ಬಾಮ್ 1996ರ ತಮ್ಮ ಪುಸ್ತಕದಲ್ಲಿ ಈ ಆತಂಕಕ್ಕೂ ಕವಿತೆಗೂ ಇರುವ ನಂಟನ್ನು ಎತ್ತಿ ತೋರಿಸಿದ್ದಾರೆ, ಅದು ನನಗೆ ಸರಿಯೆನಿಸುತ್ತದೆ. ಹಿಂದೆ ಹಬ್ಬದ ರಾತ್ರಿ ಮನೆಗೆ ನುಗ್ಗುತ್ತಿದ್ದ ಅಪರಿಚಿತ ಕೇಳಲು ಬರುತ್ತಿದ್ದ. ಕವಿತೆಯ ಅಪರಿಚಿತ ಏನನ್ನೂ ಕೇಳುವುದಿಲ್ಲ, ಮಕ್ಕಳ ಕಾಲುಚೀಲ ತುಂಬಿಸಿ ಹೊರಟುಹೋಗುತ್ತಾನೆ. ಮನೆಯ ಯಜಮಾನ ಈಗಲೂ ದಾನಿಯೇ. ಆದರೆ ಕೈಚಾಚುವವರು ಅವನ ಮಕ್ಕಳೇ, ಅವರಿಂದ ಅವನಿಗೆ ಭಯವಿಲ್ಲ.

ಇಂಗ್ಲೆಂಡಿಗೆ ಈ ಹಬ್ಬದ ದೃಶ್ಯರೂಪ ಬಂದದ್ದು ಜರ್ಮನಿಯಿಂದ. ಕ್ರಿಸ್‌ಮಸ್ ಮರ ಅಲ್ಲಿ ಹದಿನೇಳನೆಯ ಶತಮಾನಕ್ಕಾಗಲೇ ಮನೆ ಹೊಕ್ಕಿತ್ತು. 1800ರಲ್ಲೇ ರಾಣಿ ಶಾರ್ಲಟ್ ವಿಂಡ್ಸರ್‌ನಲ್ಲಿ ಮಕ್ಕಳಿಗಾಗಿ ಮರ ನಿಲ್ಲಿಸಿದ್ದಳಾದರೂ ಅದು ಅರಮನೆಯ ಸಂಗತಿಯಾಗಿಯೇ ಉಳಿಯಿತು. ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಜರ್ಮನಿಯ ಕೋಬರ್ಗ್‌ನಲ್ಲಿ ಅಣ್ಣ ಅರ್ನ್‌ಸ್ಟ್ ಜೊತೆ ಬೆಳೆದವನು. ತಾವಿಬ್ಬರೂ ಚಿಕ್ಕವರಾಗಿದ್ದಾಗ ಪಟ್ಟ ಸಂತೋಷದ ಪ್ರತಿಧ್ವನಿಯನ್ನು ಈಗ ತನ್ನ ಮಕ್ಕಳಲ್ಲಿ ಹುಡುಕಬೇಕಾಗಿದೆ ಎಂದು ಅವನು 1840ರ ದಶಕದ ಪತ್ರವೊಂದರಲ್ಲಿ ಬರೆದ. ಈ ಮಾತು ಮುಖ್ಯ, ಏಕೆಂದರೆ ಇದರಲ್ಲಿ ಹೊಸ ಹಬ್ಬದ ತಿರುಳೇ ಇದೆ: ದೊಡ್ಡವರು ಕಳೆದುಹೋದ ಬಾಲ್ಯವನ್ನು ಮಕ್ಕಳ ಮೂಲಕ ಮತ್ತೊಮ್ಮೆ ಬದುಕುವುದು. 1848ರಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಮರದ ಸುತ್ತ ನಿಂತ ರಾಜಕುಟುಂಬದ ಚಿತ್ರ ಅಚ್ಚು ಹಾಕಿತು. ಎರಡು ವರ್ಷಗಳ ನಂತರ ಅಮೆರಿಕದ ಮಹಿಳಾ ಪತ್ರಿಕೆ ಗೋಡೀಸ್ ಲೇಡೀಸ್ ಬುಕ್ ಅದೇ ಚಿತ್ರವನ್ನು ಬಳಸಿಕೊಂಡು, ರಾಣಿಯ ಕಿರೀಟವನ್ನೂ ಆಲ್ಬರ್ಟನ ಮೀಸೆಯನ್ನೂ ಅಳಿಸಿಹಾಕಿತು. ರಾಜಮನೆತನ ಒಂದೇ ಏಟಿಗೆ ಯಾವುದೋ ಅಮೆರಿಕನ್ ಸಂಸಾರವಾಯಿತು. ಮನೆಮನೆಯ ಆದರ್ಶವೊಂದು ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮಕ್ಕಳ ಹಬ್ಬ ಹೊಸದೆಂಬ ಈ ಮಾತಿಗೆ ಆಕ್ಷೇಪಗಳಿವೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಡಿಸೆಂಬರ್ 6ರ ಸಂತ ನಿಕೊಲಾಸನ ದಿನದಂದು ಹುಡುಗನೊಬ್ಬನನ್ನು ಬಿಷಪ್ ಮಾಡಿ, 28ರ ತನಕ ಗೌರವಿಸುತ್ತಿರಲಿಲ್ಲವೇ? ಯಾನ್ ಸ್ಟೇನ್ 1660ರ ದಶಕದಲ್ಲಿ ಅದೇ ಸಂತನ ಹಬ್ಬವನ್ನು ಕುರಿತು ಬರೆದ ಡಚ್ ವರ್ಣಚಿತ್ರದಲ್ಲಿ ಗೊಂಬೆ ಹಿಡಿದ ಹುಡುಗಿ, ಬೂಟಿನಲ್ಲಿ ಬರೀ ಬೆತ್ತ ಕಂಡು ಅಳುವ ಹುಡುಗ ಇಲ್ಲವೇ? ಇದ್ದಾರೆ. ಆದರೆ ಬಾಲ ಬಿಷಪ್ ಚರ್ಚಿನ ಆಚರಣೆ. ಮೇಲುಕೀಳು ಕೆಲವು ದಿನ ತಲೆಕೆಳಗಾಗುವ ಬೀದಿಹಬ್ಬದ ಜಾತಿಗೇ ಅದು ಸೇರುತ್ತದೆ, 1541ರಲ್ಲಿ ಎಂಟನೆಯ ಹೆನ್ರಿ ಅದನ್ನು ನಿಲ್ಲಿಸಿದ. ಡಚ್ಚರ ಮಕ್ಕಳ ಹಬ್ಬ ನಿಜಕ್ಕೂ ಹಳೆಯದು, ಆದರೆ ಅದು ಕ್ರಿಸ್‌ಮಸ್‌ನಿಂದ ಬೇರೆಯಾದ ದಿನ, ಬೇರೆ ನಾಡು. ನ್ಯೂಯಾರ್ಕಿನವರು ಅದನ್ನು ಎತ್ತಿಕೊಂಡು ಡಿಸೆಂಬರ್ 25ಕ್ಕೆ ಜೋಡಿಸಿದರು. ಬಿಡಿ ಭಾಗಗಳು ಹಳೆಯವು, ಕಟ್ಟಡ ಹೊಸದು.

ಇದೆಲ್ಲ ವ್ಯಾಪಾರಿಗಳ ಸೃಷ್ಟಿ ಎಂಬ ಇನ್ನೊಂದು ವಾದವಿದೆ. ಅದನ್ನು ಪೂರ್ತಿ ಒಪ್ಪಲಾರೆ. ಪಿಂಟಾರ್ಡನ ಪಟ, ಮೂರನ ಕವಿತೆ ಯಾವ ಸರಕನ್ನೂ ಮಾರಲು ಹುಟ್ಟಿದವಲ್ಲ. ಅಂಗಡಿ ಹಿಂದಿನಿಂದ ಬಂತು. ಆದರೆ ಬಂದದ್ದು ದೊಡ್ಡದಾಗಿಯೇ ಬಂತು, ಅದರ ಬೆಲೆ ತೆತ್ತವರಲ್ಲಿ ಮಕ್ಕಳೂ ಇದ್ದರು. ಜರ್ಮನಿಯ ತುರಿಂಗಿಯಾದ ಲೌಷಾ ಎಂಬ ಊರು 1597ರಿಂದ ಗಾಜಿನ ಕುಲುಮೆಗಳ ಊರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿನವರು ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳನ್ನು ಊದತೊಡಗಿದರು. 1867ರಲ್ಲಿ ಊರಿಗೆ ಗ್ಯಾಸ್ ಬಂದ ಮೇಲೆ ಉರಿಯನ್ನು ಹದವಾಗಿ ಹಿಡಿಯಲು ಸಾಧ್ಯವಾಗಿ ಗುಂಡುಗಳು ದೊಡ್ಡವೂ ತೆಳುವೂ ಆದವು. 1880ರ ಹೊತ್ತಿಗೆ ಅಮೆರಿಕದ ಅಂಗಡಿಕಾರ ವುಲ್‌ವರ್ತ್ ಈ ಗಾಜಿನ ಸರಕನ್ನು ಮಾರಲಾರಂಭಿಸಿದ. ಕಾರ್ಖಾನೆ ಎಂದರೆ ಮನೆಯೇ: ಅಪ್ಪ ಊದುತ್ತಾನೆ, ಅಮ್ಮ ಒಳಗೆ ಬೆಳ್ಳಿಯ ಲೇಪ ಹಾಯಿಸುತ್ತಾಳೆ, ಮಕ್ಕಳು ಬಣ್ಣಕ್ಕೂ ಪೊಟ್ಟಣಕ್ಕೂ ಕೈಹಾಕುತ್ತಾರೆ. ಹತ್ತಿರದ ಸೋನೆಬರ್ಗ್‌ನ ಗೊಂಬೆ ಕಸುಬಿನಲ್ಲೂ ಹೀಗೆಯೇ. ಹಬ್ಬದ ಮುಂಚಿನ ತಿಂಗಳುಗಳಲ್ಲಿ ತುರಿಂಗಿಯಾದ ಹುಡುಗ ದುಡಿದಿದ್ದರಿಂದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹುಡುಗ ಆಡಿದ. ಮನೆಯೊಳಗಿನ ಕಸುಬಿನಲ್ಲಿ ಮಕ್ಕಳ ದುಡಿಮೆಗೆ ಜರ್ಮನಿ ಕಾನೂನಿನ ಅಂಕೆ ಹಾಕಿದ್ದು 1903ರಲ್ಲಿ.

ಹಳೆಯ ಹಬ್ಬದ ಬಡವ ಎಲ್ಲಿಗೆ ಹೋದ? 1843ರಲ್ಲಿ ಹೆನ್ರಿ ಕೋಲ್ ಲಂಡನ್ನಿನಲ್ಲಿ ಹೊರತಂದ ಮೊದಲ ಕ್ರಿಸ್‌ಮಸ್ ಕಾರ್ಡು ಇದಕ್ಕೆ ಉತ್ತರ ಕೊಡುತ್ತದೆ. ನಡುವಿನ ದೊಡ್ಡ ಚೌಕಟ್ಟಿನಲ್ಲಿ ಮಕ್ಕಳು ಮರಿಗಳೊಂದಿಗೆ ಕುಡಿದು ಉಣ್ಣುವ ಸಂಸಾರ. ಎರಡೂ ಪಕ್ಕದ ಕಿರಿದಾದ ಪಟ್ಟಿಗಳಲ್ಲಿ ಹಸಿದವರಿಗೆ ಅನ್ನ, ಬೆತ್ತಲೆಯವರಿಗೆ ಬಟ್ಟೆ. ಬಡವ ಅಂಚಿಗೆ ಸರಿದಿದ್ದಾನೆ, ಅವನ ಹಕ್ಕು ದಯೆಯಾಗಿದೆ. ಅದೇ ಡಿಸೆಂಬರಿನಲ್ಲಿ ಬಂದ ಡಿಕನ್ಸನ ಎ ಕ್ರಿಸ್‌ಮಸ್ ಕ್ಯಾರಲ್ ಈ ಅಂಚನ್ನು ಮತ್ತೆ ನಡುವಿಗೆ ಎಳೆಯಲು ನೋಡಿತು. ಗಣಿ, ಕಾರ್ಖಾನೆಗಳ ಮಕ್ಕಳ ಕುರಿತ ಸರ್ಕಾರಿ ವರದಿ ಓದಿ ನೊಂದಿದ್ದ ಡಿಕನ್ಸ್, ಕಥೆಯ ಬಡ ಗುಮಾಸ್ತ ಕ್ರ್ಯಾಚಿಟ್‌ನ ಸಂಸಾರದ ಊಟದ ಮೇಜಿನ ಜೊತೆಗೇ ಹಸಿದ ಹುಡುಗ ಹುಡುಗಿಯರನ್ನೂ ನಿಲ್ಲಿಸಿದ. ಓದುಗರು ಮನೆಗೆ ಒಯ್ದದ್ದು ಹೆಚ್ಚಾಗಿ ಊಟದ ಮೇಜನ್ನು.

ಬದಲಾವಣೆ ಹೀಗೆಯೇ ಆಗಬೇಕಿತ್ತೆಂದೇನೂ ಇಲ್ಲ. ಮಂಗಳೂರಿನ ಕ್ಯಾಥೊಲಿಕರ ಮನೆಗಳಲ್ಲಿ ಮಕ್ಕಳು ಗೋದಲಿ ಕಟ್ಟುತ್ತಾರೆ, ಅಮ್ಮ ಅಜ್ಜಿಯರೊಂದಿಗೆ ಕುಳಿತು ಕಿಡಿಯೊ ಸುರುಳಿ ಸುತ್ತುತ್ತಾರೆ, ನೆವ್ರ್ಯೊಗೆ ಹೂರಣ ತುಂಬುತ್ತಾರೆ. ಆದರೆ ಆ ಕುಸ್ವಾರ್, ಅಂದರೆ ಹಬ್ಬದ ತಿಂಡಿ, ಮನೆಯೊಳಗೇ ಮುಗಿಯುವುದಿಲ್ಲ. ತಟ್ಟೆಯಲ್ಲಿ ಜೋಡಿಸಿ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತದೆ. ಮರ, ಸಾಂತಾ ಬಂದ ಮೇಲೂ ಈ ಪದ್ಧತಿ ಉಳಿದಿದೆ. ಇಲ್ಲಿ ಮಗು ಪಡೆಯುವವನಷ್ಟೇ ಆಗಿರದೆ ಕೊಡುವವನೂ ಆಗಿದ್ದಾನೆ. ಹತ್ತೊಂಬತ್ತನೆಯ ಶತಮಾನ ಮಕ್ಕಳಿಗೆ ಒಂದು ದಿನವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟದ್ದು ದೊಡ್ಡ ಸಂಗತಿ, ಬೆತ್ತ ಹಿಡಿದ ಸಂತನನ್ನು ನಗುವ ಮುದುಕನನ್ನಾಗಿಸಿದ್ದು ಇನ್ನೂ ದೊಡ್ಡದು. ಅದನ್ನು ಹಿಂತೆಗೆದುಕೊಳ್ಳಲು ಯಾವ ತಾಯಿತಂದೆಯೂ ಒಪ್ಪರು, ಒಪ್ಪಲೂ ಬಾರದು. ಆದರೆ ಅದೇ ಹೊತ್ತಿನಲ್ಲಿ ಹೊರಗಿನವರಿಗೆ ಬಾಗಿಲು ಮುಚ್ಚಿದ್ದು ಅದರ ತಪ್ಪು, ಆ ತಪ್ಪನ್ನು ತಿದ್ದುವ ಕೆಲಸ ಇನ್ನೂ ಬಾಕಿಯಿದೆ.