ಹಾಜರಿ ಪುಸ್ತಕದಾಚೆ: ದಾವಣಗೆರೆ–ಹರಿಹರ ಪರಿಸರದಲ್ಲಿ ನರವೈವಿಧ್ಯದ ಮಕ್ಕಳು ಮತ್ತು ಶಾಲೆ

ಮಾತು ತಡವಾದ, ಓದು ಹತ್ತದ, ಒಂದೆಡೆ ಕೂರಲಾರದ ಮಕ್ಕಳಿಗೆ ದಾವಣಗೆರೆ–ಹರಿಹರ ಪರಿಸರದ ಆಡುಮಾತಿನಲ್ಲಿ ದಡ್ಡ, ಪೆದ್ದ, ಮಂಕ, ತುಂಟ ಎಂಬ ಹೆಸರುಗಳಿವೆ. ಇಂದು ಆಟಿಸಂ, ಡಿಸ್ಲೆಕ್ಸಿಯಾ, ಎ.ಡಿ.ಎಚ್.ಡಿ. ಎಂದು ಪ್ರತ್ಯೇಕವಾಗಿ ಗುರುತಿಸುವ ಸ್ಥಿತಿಗಳನ್ನು ಬಹುಕಾಲ ಈ ಪದಗಳೇ ಹೊತ್ತಿದ್ದವು. ಹೆಸರಿನ ಈ ಚರಿತ್ರೆಗೂ ಮಗು ಶಾಲೆಯಲ್ಲಿ ಉಳಿಯುವುದಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಿಂದಿನ ಕೂಲಿಮಠಗಳಲ್ಲಿ ವಯಸ್ಸಿಗೊಂದು ತರಗತಿಯಿರಲಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುವುದು ಅಲ್ಲಿನ ಕ್ರಮ. ನಿಧಾನವಾಗಿ ಕಲಿಯುವವನಿಗೆ ಇದರಲ್ಲಿ ಒಂದಿಷ್ಟು ಅವಕಾಶವಿತ್ತು. ಆದರೆ ಇದನ್ನು ಆದರ್ಶೀಕರಿಸುವಂತಿಲ್ಲ. ಕೋದಂಡದಂತಹ ಶಿಕ್ಷೆಗಳೂ ಅಲ್ಲಿದ್ದವು; ಬಹುಪಾಲು ಹೆಣ್ಣುಮಕ್ಕಳೂ ದಲಿತ ಮಕ್ಕಳೂ ಹೊರಗೇ ಉಳಿದಿದ್ದರು. ತರಗತಿ, ಪರೀಕ್ಷೆ, ಹಾಜರಿ ಪುಸ್ತಕಗಳ ಆಧುನಿಕ ಶಾಲೆ ಬಾಗಿಲನ್ನು ಅಗಲಗೊಳಿಸಿತು. ಆದರೆ ಎಲ್ಲರಿಂದಲೂ ಒಂದೇ ವೇಗವನ್ನು ನಿರೀಕ್ಷಿಸಿತು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಜಾರಿಯಲ್ಲಿದ್ದುದು 1995ರ ಅಂಗವಿಕಲರ ಅಧಿನಿಯಮ. ಅದು ಹೆಸರಿಸಿದ ಏಳು ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ, ಕಲಿಕಾ ನ್ಯೂನತೆಯೂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮ ಆಟಿಸಂ ಅನ್ನು ಹೆಸರಿಸಿತು. 21 ವೈಕಲ್ಯಗಳನ್ನು ಪಟ್ಟಿಮಾಡಿದ 2016ರ ಅಧಿನಿಯಮದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೂ ಸ್ಥಾನ ದೊರೆಯಿತು. ಎ.ಡಿ.ಎಚ್.ಡಿ. ಆ ಪಟ್ಟಿಯಲ್ಲಿ ಸೇರಲಿಲ್ಲ. ಅಂದರೆ ‘ತುಂಟ’ ಎನಿಸಿಕೊಂಡ ಮಗುವಿಗೆ ಕಾನೂನು ಬೇರೆ ಹೆಸರನ್ನು ಕೊಡಲಿಲ್ಲ.

ಹೆಸರು ದೊರೆತ ಮಾತ್ರಕ್ಕೆ ಹಾಜರಾತಿ ದೊರೆಯುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಆಯ್ಕೆ ನೀಡಿತು. ಇದು ಮಗುವಿನ ಹಕ್ಕೇ ಹೊರತು ಶಾಲೆಯ ಬಿಡುಗಡೆಯಲ್ಲ. ಈ ಅಂತರ ಮರೆಯಾದಲ್ಲಿ ಹೆಸರು ದಾಖಲೆಯಲ್ಲಿಯೂ ಮಗು ಮನೆಯಲ್ಲಿಯೂ ಉಳಿದುಬಿಡುತ್ತವೆ. ಗದ್ದಲ, ಅನಿರೀಕ್ಷಿತ ಬದಲಾವಣೆ, ಸಹಪಾಠಿಗಳ ಅಣಕ ಇವುಗಳಿಂದ ಬೆದರಿದ ಮಗುವಿನ ಗೈರುಹಾಜರಿಯನ್ನು ಸೋಮಾರಿತನವೆಂದು ಬಗೆಯುವುದು ತಪ್ಪು. ನಿಶ್ಚಿತ ದಿನಚರಿ, ಶಾಂತವಾದ ಮೂಲೆ, ಚಿತ್ರಸೂಚಿ, ಹೆಚ್ಚುವರಿ ಸಮಯ ಇವು ಅಲ್ಪವೆಚ್ಚದ ನೆರವುಗಳು.

ಜಾನಪದವೂ ಇಲ್ಲಿ ಉಪಯುಕ್ತ. ಅಳಿಗುಳಿಮಣೆಯಲ್ಲಿ ಎಣಿಕೆ ಕೈಗೆ ಸಿಗುತ್ತದೆ, ಸರದಿಯ ನಿಯಮ ಕಣ್ಣಿಗೆ ಕಾಣುತ್ತದೆ. ಬರೆಯಲಾರದ ಮಗುವೂ ಒಗಟನ್ನು ಬಿಡಿಸಬಲ್ಲದು. ಇವು ಚಿಕಿತ್ಸೆಯಲ್ಲ, ಜೊತೆಗೂಡಿಸುವ ಸಾಧನಗಳು.

ಐದು ಬೆರಳೂ ಸಮನಾಗಿರುವುದಿಲ್ಲ ಎಂದು ನಮ್ಮ ಜನಪದರು ಬಲ್ಲರು; ಅದೇ ಜನಪದರು ಮಂಕ ಎಂದೂ ಕರೆದಿದ್ದಾರೆ. ಮೊದಲನೆಯ ತಿಳಿವನ್ನು ಉಳಿಸಿಕೊಂಡು ಎರಡನೆಯ ಹೆಸರನ್ನು ಕೈಬಿಡುವುದು ಶಾಲೆಯ ಮುಂದಿರುವ ಹೊಣೆ.