ಅರೆತಲೆನೋವಿನ ಮಾತು: ಮಳಖೇಡದಿಂದ ಇಂದಿನ ದವಾಖಾನೆಯವರೆಗೆ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ ಕಾಗಿಣಾ ನದಿಯ ದಂಡೆಯ ಊರು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. ಅಲ್ಲಿನ ದೊರೆ ಅಮೋಘವರ್ಷ ನೃಪತುಂಗನನ್ನು ಕನ್ನಡಿಗರು ‘ಕವಿರಾಜಮಾರ್ಗ’ದ ಜೊತೆಗೆ ನೆನೆಯುತ್ತಾರೆ. ಅವನ ಸಭೆಯಲ್ಲಿ ವೈದ್ಯರೂ ವಾದಕ್ಕೆ ನಿಲ್ಲುತ್ತಿದ್ದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಉಗ್ರಾದಿತ್ಯಾಚಾರ್ಯನೆಂಬ ಜೈನಮುನಿ ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥದ ಕೊನೆಗೆ ಹಿತಾಹಿತ ಅಧ್ಯಾಯವಿದೆ. ಔಷಧಕ್ಕೆ ಮಾಂಸ ಬೇಕಿಲ್ಲವೆಂಬ ಅಲ್ಲಿನ ವಾದವನ್ನು ನೃಪತುಂಗವಲ್ಲಭನ ಸಭೆಯಲ್ಲಿ ಮಂಡಿಸಿದ್ದಾಗಿ ಗ್ರಂಥವೇ ಹೇಳುತ್ತದೆ. ಆ ದೊರೆ ಅಮೋಘವರ್ಷನೇ ಎಂಬುದು ವಿದ್ವಾಂಸರ ಅಭಿಪ್ರಾಯ.

ಆ ಕಾಲದ ವೈದ್ಯರಿಗೆ ಅರೆತಲೆನೋವು ಹೊಸದಾಗಿರಲಿಲ್ಲ. ಚರಕ, ಸುಶ್ರುತ ಸಂಹಿತೆಗಳಲ್ಲಿ ಅದಕ್ಕೆ ‘ಅರ್ಧಾವಭೇದಕ’ವೆಂಬ ಹೆಸರಿತ್ತು. ತಲೆಯ ಅರ್ಧಭಾಗ ಸೀಳಿದಂತೆ, ಚುಚ್ಚಿದಂತೆ ನೋಯುತ್ತದೆ, ತಲೆ ಸುತ್ತುತ್ತದೆ, ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಇಲ್ಲವೆ ಇದ್ದಕ್ಕಿದ್ದಂತೆಯೋ ಮರುಕಳಿಸುತ್ತದೆ ಎಂದು ಸುಶ್ರುತ ಸಂಹಿತೆ ವಿವರಿಸುತ್ತದೆ. ಹೊತ್ತು ಏರಿದಂತೆ ಏರಿ, ಹೊತ್ತು ಇಳಿದಂತೆ ಇಳಿಯುವ ‘ಸೂರ್ಯಾವರ್ತ’ವನ್ನು ಬೇರೆಯಾಗಿಯೇ ಗುರುತಿಸಿತ್ತು. ಇವು ನಾಡಿ ಹಿಡಿದು ತಿಳಿಯುವ ಸಂಗತಿಗಳಲ್ಲ. ಎಷ್ಟು ದಿನಕ್ಕೊಮ್ಮೆ ಬಂತು, ಯಾವ ಹೊತ್ತಿಗೆ ಹೆಚ್ಚಾಯಿತು ಎಂದು ಯಾರೋ ಕೇಳಿದ್ದಾರೆ, ನೊಂದವರು ಹೇಳಿದ್ದಾರೆ.

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕ ಸಂಹಿತೆ ಎಣಿಸುತ್ತದೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವರು, ರೋಗಿ. ತನ್ನ ರೋಗವನ್ನು ತಿಳಿಯಹೇಳುವ ಶಕ್ತಿ ರೋಗಿಯ ಗುಣಗಳಲ್ಲೊಂದು. ನೊಂದವರ ಬಗ್ಗೆ ಕಾರುಣ್ಯ ವೈದ್ಯನ ನಡತೆಯ ಭಾಗ. ಹೇಳುವವರು ಮತ್ತು ಕೇಳುವವರು ಚಿಕಿತ್ಸೆಯ ಒಳಗೇ ಇದ್ದಾರೆ, ಹೊರಗಲ್ಲ.

ಈ ವಿದ್ಯೆಗೇ ಮೀಸಲಾದ ಗ್ರಂಥಗಳು ಕನ್ನಡದಲ್ಲಿ ಬಂದದ್ದು ಹನ್ನೆರಡನೆಯ ಶತಮಾನದಲ್ಲಿ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಕರುಗಳ ರೋಗಗಳ ಮೇಲೆ ‘ಗೋವೈದ್ಯ’ ಬರೆದ. ಜಗದ್ದಳ ಸೋಮನಾಥ ಜೈನಾಚಾರ್ಯ ಪೂಜ್ಯಪಾದರ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದ. ಅದೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ರೋಗ, ಔಷಧಗಳ ಮಾತು ಅವನ ವಚನಗಳೊಳಗೆ ಸೇರಿತು. ವೈದ್ಯನೂ ರೋಗಿಯೂ ಒಂದೇ ನುಡಿಯಲ್ಲಿ ಮಾತಾಡುವುದಕ್ಕೆ ಬೇಕಾದ ಕನ್ನಡ ಹೀಗೆ ಗ್ರಂಥಸ್ಥವಾಯಿತು.

ಹೈದರಾಬಾದಿನ ನಿಜಾಮರು ಈ ಸೀಮೆಯನ್ನು ಆಳಿದ ಕಾಲಕ್ಕೆ ಔಷಧ ಹತ್ತಿರವಾಯಿತು, ಆದರೆ ಈ ಒಂದೇ ನುಡಿಯ ಅನುಕೂಲ ತಪ್ಪಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಹೈದರಾಬಾದಿನತ್ತ ರೈಲು ಓಡಿತು. ಹೊರಗಿನ ಔಷಧಗಳು ಬರುವ ದಾರಿ ಸುಲಭವಾಯಿತು. 1893ರಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಮುಂಬಯಿಯಲ್ಲಿ ಅಮೃತಾಂಜನ ಆರಂಭಿಸಿದರು. 1920ರಲ್ಲಿ ಹೈದರಾಬಾದಿನಲ್ಲಿ ಹಕೀಮರೊಬ್ಬರು ‘ಜಿಂದಾ ತಿಲಿಸ್ಮಾತ್’ ಎಂಬ ಔಷಧ ತಯಾರಿಸಿದರು. ಇಂಥವನ್ನು ಹಣೆಗೆ ಹಚ್ಚಿ, ಸೀರೆಯ ಸೆರಗನ್ನೋ ಟವೆಲನ್ನೋ ಬಿಗಿದು ಕಟ್ಟಿ ಮಲಗುವುದು ಮನೆಮನೆಯ ಉಪಚಾರವಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿದರು. ಭಾರತೀಯ ಭಾಷೆಯಲ್ಲಿ ಆಧುನಿಕ ವೈದ್ಯಶಾಸ್ತ್ರ ಕಲಿಸಬಹುದೆಂದು ತೋರಿಸಿದ ದೊಡ್ಡ ಪ್ರಯೋಗವದು. ಆದರೆ ಸೇಡಮಿನ ಹೊಲದಿಂದ ಬಂದ ಹೆಣ್ಣುಮಗಳ ಮಾತು ಕನ್ನಡ ಇಲ್ಲವೆ ತೆಲುಗು. ಚಿಂಚೋಳಿಯ ತಾಂಡಾದವಳ ಮಾತು ಲಂಬಾಣಿ. ಜ್ವರ, ಗಾಯಗಳನ್ನು ಕಣ್ಣು, ಕೈಗಳಿಂದ ತಿಳಿಯಬಹುದು. ಅರೆತಲೆನೋವಿಗೆ ನಡುವೆ ನಿಂತು ಹೇಳುವವರು ಬೇಕು. ಮಾವನೋ ಗಂಡನೋ ಬಾಯಿಯಾದಾಗ ವಾಂತಿ, ಬೆಳಕಿನ ಕಾಟ, ಮುಟ್ಟಿನ ದಿನಗಳ ಲೆಕ್ಕ ಎಲ್ಲವೂ ‘ತಲಿನೋವು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ.

ನುಡಿ ಒಂದೇ ಆದಲ್ಲಿಯೂ ನಂಬಿಕೆಯ ತೊಡಕಿತ್ತು. ಅಮೆರಿಕದ ಹೆರಾಲ್ಡ್ ವುಲ್ಫ್ ಅರೆತಲೆನೋವಿನ, ಅಂದರೆ ಮೈಗ್ರೇನಿನ, ಸಂಶೋಧನೆಯ ದೊಡ್ಡ ಹೆಸರು. 1930ರ ದಶಕದಲ್ಲಿ ಅವರೇ ಮೈಗ್ರೇನಿಗರದು ಅತಿ ಅಚ್ಚುಕಟ್ಟಿನ, ಬಿಗಿ ಸ್ವಭಾವವೆಂದು ಚಿತ್ರಿಸಿದರು. ನೋವಿನ ಹೊಣೆ ನೊಂದವರ ಸ್ವಭಾವದ ಮೇಲೆ ಬಿತ್ತು. ಇದು ನರಮಂಡಲದ ಕಾಯಿಲೆಯೆಂದು ಈಗ ಸ್ಪಷ್ಟವಾಗಿದೆ. ಆದರೂ ‘ಕೆಲಸ ತಪ್ಪಿಸಾಕ ನೆವ’ ಎಂಬ ಮಾತು ಮನೆಗಳಲ್ಲಿ ಸತ್ತಿಲ್ಲ.

ಇತ್ತ ನುಡಿಯ ತೊಡಕು ಸಡಿಲವಾಗತೊಡಗಿತು: 1956ರಲ್ಲಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಈ ಸೀಮೆಯ ಮಕ್ಕಳು ಹತ್ತಿರದಲ್ಲೇ ಡಾಕ್ಟರ್ ಓದಿದರು. ಡಾ. ಅನುಪಮಾ ನಿರಂಜನ, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಆರೋಗ್ಯವನ್ನು ಮನೆಮಾತಿನ ಕನ್ನಡದಲ್ಲಿ ಬರೆದು, ಡಾಕ್ಟರರ ಮುಂದೆ ಬಾಯಿಬಿಡಲು ಹೆಂಗಸರಿಗೆ ಧೈರ್ಯ ಕೊಟ್ಟರು.

ನೋವು ಎಷ್ಟು ಜನರಿಗಿದೆ ಎಂಬುದು ಮನೆಬಾಗಿಲಿಗೆ ಹೋಗಿ ಕೇಳಿದಾಗಲೇ ಗೊತ್ತಾದದ್ದು. 2009ರಲ್ಲಿ ನಿಮ್ಹಾನ್ಸ್ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ವಯಸ್ಕರನ್ನು ಕಂಡಿತು. ಒಂದು ವರ್ಷದಲ್ಲಿ 63.9% ಜನರಿಗೆ ತಲೆನೋವು ಬಂದಿತ್ತು; ಮೈಗ್ರೇನ್ 25.2% ಜನರಲ್ಲಿ ಕಂಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಅದು ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೇಡಂ, ಶಹಾಬಾದ್ ಸೀಮೆಯಲ್ಲಿ ಬಿಸಿಲಿನ ಝಳ, ಫರಸಿ ಗಣಿಯ ಕಣ್ಣು ಕುಕ್ಕುವ ಬೆಳಕು, ನೀರಡಿಕೆ, ಹೊತ್ತು ತಪ್ಪಿದ ಊಟ ಎಲ್ಲವೂ ಈ ನೋವನ್ನು ಕೆಣಕಬಲ್ಲವು.

ರೋಗಿಗಳ ಮಾತಿಗೆ ಬೆಲೆ ಕೊಟ್ಟಾಗ ವೈದ್ಯಶಾಸ್ತ್ರವೂ ಬೆಳೆದಿದೆ. ತಲೆಗೆ ನೀರು ಹಾಕಿಕೊಂಡರೆ ತಲೆನೋವು ಏಳುತ್ತದೆ ಎಂದು ನಮ್ಮ ಹೆಂಗಸರು ಹೇಳುತ್ತಲೇ ಇದ್ದರು. ಪಾಶ್ಚಾತ್ಯ ಪುಸ್ತಕಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅದನ್ನು ತಳ್ಳಿಹಾಕದೆ ಬರೆದಿಟ್ಟುಕೊಂಡರು. 2006ರಲ್ಲಿ ಅಂಥ 94 ಭಾರತೀಯ ರೋಗಿಗಳ ವಿವರ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೇಳುವ ರೀತಿಯೇ ಸಂಶೋಧನೆಗೆ ವಸ್ತುವಾದದ್ದು ಅಮೆರಿಕದಲ್ಲಿ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ವೈದ್ಯರು ಮತ್ತು ಮೈಗ್ರೇನ್ ರೋಗಿಗಳ 60 ಭೇಟಿಗಳ ಮಾತುಕತೆಯನ್ನು ಪರಿಶೀಲಿಸಿತು. ಭೇಟಿಯ ಸರಾಸರಿ ಅವಧಿ 12 ನಿಮಿಷ. ವೈದ್ಯರ ಪ್ರಶ್ನೆಗಳಲ್ಲಿ 91% ಹೌದು, ಅಲ್ಲ, ಇಷ್ಟು, ಅಷ್ಟು ಎಂದು ಮುಗಿಯುವಂಥವು. ನೋವಿನಿಂದ ಬದುಕಿಗೆ ಏನಾಯಿತೆಂಬ ಮಾತು ಬಂದದ್ದು 10% ಭೇಟಿಗಳಲ್ಲಿ ಮಾತ್ರ. ತಲೆನೋವು ಎಷ್ಟು ಸಲ ಬರುತ್ತದೆ ಎಂಬ ವಿಷಯದಲ್ಲೇ ಅರ್ಧಕ್ಕಿಂತ ಹೆಚ್ಚು ಜೋಡಿಗಳಲ್ಲಿ ವೈದ್ಯರ ಲೆಕ್ಕ ಒಂದು, ರೋಗಿಯ ಲೆಕ್ಕ ಇನ್ನೊಂದಾಗಿತ್ತು.

ಭಾರತದಲ್ಲಿ 2019ರಿಂದ ಎಂಬಿಬಿಎಸ್ ಪಠ್ಯಕ್ಕೆ ನಡವಳಿಕೆ, ನೀತಿ ಮತ್ತು ಸಂವಹನದ ಪಾಠ ಸೇರಿದೆ. ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ಕಲಬುರಗಿ ಸೀಮೆಗೆ ಇದು ಹಳೆಯ ಬಾಕಿ ತೀರಿಸುವ ಅವಕಾಶ. ಈ ಕಾಯಿಲೆಯನ್ನು ಅಳೆಯುವುದೇ ದಿನಗಳ ಲೆಕ್ಕದಿಂದ: ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ತಲೆನೋವಿದ್ದು, ತಿಂಗಳಿಗೆ 8 ದಿನವಾದರೂ ಮೈಗ್ರೇನ್ ಲಕ್ಷಣಗಳಿದ್ದರೆ ಅದು ದೀರ್ಘಕಾಲದ ಮೈಗ್ರೇನ್. ಸಾಮಾನ್ಯ ನೋವಿನ ಗುಳಿಗೆಯನ್ನೂ ತಿಂಗಳಿಗೆ 15 ದಿನ ನುಂಗುತ್ತಾ ಹೋದರೆ ಗುಳಿಗೆಯಿಂದಲೇ ತಲೆನೋವು ಅಂಟಿಕೊಳ್ಳಬಹುದು. ಇದನ್ನು ‘ಯಾಕ ಅಷ್ಟು ಗುಳಗಿ ತಗೊಂಡ್ರಿ?’ ಎಂದು ಗದರಿ ಕೇಳಿದರೆ ಲೆಕ್ಕ ಮುಚ್ಚಿಹೋಗುತ್ತದೆ. ‘ತಲಿನೋವು ಬಂದ ದಿನ ಮನಿ ಕೆಲಸ ಹ್ಯಾಂಗ ಮಾಡ್ತೀರಿ, ಅಮ್ಮಾ?’ ಎಂದು ಕೇಳಿದರೆ ಗುಳಿಗೆಯ ಲೆಕ್ಕ ತಾನಾಗಿ ಬರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ದಿನಕ್ಕೊಂದು, ಗುಳಿಗೆಯ ದಿನಕ್ಕೊಂದು ಗುರುತು ಹಾಕಿ ಮುಂದಿನ ಸಲ ತರಲು ಹೇಳಿದರೆ, ಓದುಬರಹ ಬಾರದವರೂ ತಮ್ಮ ಕಾಯಿಲೆಯ ದಾಖಲೆಯನ್ನು ತಾವೇ ಡಾಕ್ಟರರ ಮೇಜಿನ ಮೇಲೆ ಇಡಬಹುದು.