ಹಿಮ್ಮಡಿ ತಿರುಗಿಸುವ ಹೊತ್ತು

ಗ್ರೇಸ್ ಕಾಸಿಂಗ್ಟನ್ ಸ್ಮಿತ್ 1915ರಲ್ಲಿ ಬರೆದ 'ದಿ ಸಾಕ್ ನಿಟರ್' ಚಿತ್ರ ಸಿಡ್ನಿಯ ಕಲಾ ಗ್ಯಾಲರಿಯಲ್ಲಿದೆ. ಅದರಲ್ಲಿ ಆಕೆಯ ಸೋದರಿ ಮ್ಯಾಜ್ ತಲೆ ತಗ್ಗಿಸಿ ಕಾಲುಚೀಲ ಹೆಣೆಯುತ್ತಿದ್ದಾಳೆ.

ಅದು ಮೊದಲ ಮಹಾಯುದ್ಧದ ಕಾಲ. ಕಂದಕಗಳ ಕೆಸರುನೀರಿನಲ್ಲಿ ನಿಂತ ಸೈನಿಕರ ಪಾದಗಳು ಕೊಳೆಯುತ್ತಿದ್ದವು. ಒಣ ಉಣ್ಣೆಯ ಕಾಲುಚೀಲವೇ ರಕ್ಷೆ. ಸಿಡ್ನಿ, ಮೆಲ್ಬರ್ನ್‌ಗಳ ಹೆಂಗಸರು ಮನೆಗೆಲಸದ ನಡುವೆಯೇ ಹೆಣೆದರು. 1916ರಲ್ಲಿ ಹುಟ್ಟಿದ ಆಸ್ಟ್ರೇಲಿಯನ್ ಕಂಫರ್ಟ್ಸ್ ಫಂಡ್‌ಗಾಗಿ ಸಿದ್ಧವಾದದ್ದು 13 ಲಕ್ಷಕ್ಕೂ ಹೆಚ್ಚು ಜೊತೆ.

ಸಾವಿನ ಸುದ್ದಿಯನ್ನು ಹೆಚ್ಚಾಗಿ ಪಾದ್ರಿಗಳೇ ಮನೆಗೆ ತರುತ್ತಿದ್ದರು. ಬೀದಿಯಲ್ಲಿ ಪಾದ್ರಿ ಕಂಡರೆ ಎದೆ ನಡುಗುತ್ತಿತ್ತು.

ಊರಲ್ಲಿ ಅಮ್ಮ ಹಾಸಿಗೆ ಹಿಡಿದ ಮೇಲೆ ನಾನು ಮೆಲ್ಬರ್ನಿನಲ್ಲಿ ಕಾಲುಚೀಲ ಹೆಣೆಯಲು ಕಲಿತೆ. ನಡುರಾತ್ರಿ ಫೋನ್ ಬಂದರೆ ನನ್ನದೂ ಅದೇ ನಡುಕ. ಹಿಮ್ಮಡಿ ತಿರುಗಿಸುವಾಗ ಎಣಿಕೆ ತಪ್ಪುವಂತಿಲ್ಲ. ಅಷ್ಟು ಹೊತ್ತು ಮನಸ್ಸು ಕಡ್ಡಿಗಳ ಮೇಲೇ ನಿಲ್ಲುತ್ತದೆ. ಮ್ಯಾಜ್ ಯಾಕೆ ತಲೆ ಎತ್ತಿಲ್ಲವೆಂದು ಈಗ ಗೊತ್ತಾಗುತ್ತಿದೆ.